ಹಿಟ್ಟಿನ ಗಿರಣಿ ಮಾರಾಟಕ್ಕಿದೆ: ಮೂರು ಕಿರು ಜಾಹೀರಾತುಗಳ ಒಂದು ಪ್ರಕರಣ

ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಊರು. ಸಂತೆ ಮೈದಾನದ ದಾರಿಯಲ್ಲಿ ಒಂದು ಬಾಡಿಗೆ ಮಳಿಗೆ, ಅದರೊಳಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಓಡಿದ ಹಿಟ್ಟಿನ ಗಿರಣಿ. 2024ರ ಫೆಬ್ರುವರಿಯಲ್ಲಿ ಗಿರಣಿಯ ಯಜಮಾನರು ತೀರಿಕೊಂಡರು. ಅವತ್ತು ಇಳಿದ ಷಟರ್ ಮತ್ತೆ ಏಳಲಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಗಳನ್ನು ಶಿವಮೊಗ್ಗದ ಕಡೆ ಕೊಟ್ಟಿದ್ದಾರೆ. ಊರಲ್ಲಿ ಉಳಿದವರು ಅಮ್ಮ ಒಬ್ಬರೇ. ಗಿರಣಿ ನಿಂತರೂ ಖರ್ಚು ನಿಲ್ಲಲಿಲ್ಲ. ತಿಂಗಳಿಗೆ ಮಳಿಗೆ ಬಾಡಿಗೆ 3,500 ರೂಪಾಯಿ. ಅದರ ಮೇಲೆ ಕರೆಂಟಿನ ನಿಗದಿತ ಶುಲ್ಕ. ಒಂದು ಯೂನಿಟ್ ಉರಿಸದಿದ್ದರೂ ಮಂಜೂರಾದ ಲೋಡಿನ ಲೆಕ್ಕದಲ್ಲಿ ಅದು ಬಂದೇ ಬರುತ್ತದೆ. ಜೂನ್ ಕೊನೆಗೆ ಮನೆಯವರೆಲ್ಲ ಕೂತು ಮಾರಿಬಿಡೋಣ ಎಂದು ತೀರ್ಮಾನ ಮಾಡಿದರು.

ನಾನು ಆ ಊರಿನಿಂದ ಜಿಲ್ಲಾ ಮಟ್ಟದ ದಿನಪತ್ರಿಕೆಯೊಂದಕ್ಕೆ ಜಾಹೀರಾತು ತೆಗೆದುಕೊಂಡು ಕಳಿಸುವವನು. ಈ ಗಿರಣಿಯ ಸುತ್ತ ಬಂದ ಮೂರು ಜಾಹೀರಾತೂ ನನ್ನ ಕೈಯಲ್ಲೇ ಹೋದವು. ಮಾರುವುದು, ಕೊಳ್ಳುವುದು, ಕೆಲಸಕ್ಕೆ ಜನ ಹುಡುಕುವುದು ಮೂರೂ ಒಂದೇ ಕಡೆ ಸೇರಿದ್ದರಿಂದ ಇದನ್ನು ವಿವರವಾಗಿ ಬರೆದಿಡಬೇಕು ಅನ್ನಿಸಿತು. ಮನೆಯವರ ಒಪ್ಪಿಗೆ ಇದೆ, ಹೆಸರುಗಳನ್ನು ಬಿಟ್ಟಿದ್ದೇನೆ. ಇಲ್ಲಿ ಬರುವ ಬೆಲೆಗಳು ಈ ಪ್ರಕರಣದವು ಮಾತ್ರ. ಬೇರೆ ಊರಿನ ಗಿರಣಿಗೆ ಇವನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ.

ಮೊದಲನೇ ಜಾಹೀರಾತು

ಜುಲೈ ಎರಡನೇ ವಾರ ಮಗ ಫೋನ್ ಮಾಡಿದ. ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿದ. "ಹಿಟ್ಟಿನ ಗಿರಣಿ ಮಾರಾಟಕ್ಕಿದೆ. ಆಸಕ್ತರು ಸಂಪರ್ಕಿಸಿ." ಕೆಳಗೆ ಅವನದೇ ಮೊಬೈಲ್ ನಂಬರು. ನಮ್ಮಲ್ಲಿ ಇಪ್ಪತ್ತು ಪದದವರೆಗೆ ಒಂದೇ ದರ, ಅದರಾಚೆ ಪ್ರತಿ ಪದಕ್ಕೆ ಬೇರೆ, ಎಲ್ಲದಕ್ಕೂ 5% ಜಿಎಸ್‌ಟಿ. ಅವನು ಬಳಸಿದ್ದು ಆರೇಳು ಪದ. ಇನ್ನೂ ಜಾಗ ಇದೆ, ಮೋಟಾರ್ ಎಷ್ಟು ಎಚ್‌ಪಿ, ಊರು ಯಾವುದು ಅಂತಾದರೂ ಹಾಕಿಸಿ ಎಂದೆ. "ಬೇಡ ಸರ್, ಬೇಕಾದವರು ಫೋನ್ ಮಾಡಿ ಕೇಳ್ತಾರೆ" ಎಂದ. ಪತ್ರಿಕೆಯಲ್ಲಿ ಹಾಗೆಯೇ ಬಂತು.

ಫೋನುಗಳೇನೋ ಬಂದವು. ಜಾಹೀರಾತಿನಲ್ಲಿ ಬಿಟ್ಟದ್ದನ್ನೆಲ್ಲ ಜನ ಫೋನಿನಲ್ಲಿ ಕೇಳಿದರು. ಯಾವ ಊರು? ಎಷ್ಟು ಎಚ್‌ಪಿ? ಕಲ್ಲಿಂದೋ ಪಲ್ವರೈಸರೋ? ಮಿಷನ್ ಮಾತ್ರ ಕೊಡ್ತೀರೋ, ಜಾಗನೂ ಸೇರಿಯೋ? ಮಗ ಆಫೀಸಿನಲ್ಲಿ ಮೀಟಿಂಗಿನಲ್ಲಿ ಕೂತಿರುವಾಗ ಈ ಪ್ರಶ್ನೆಗಳು. ಅವನಿಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿ ಹೇಳ್ತೀನಿ ಅನ್ನುತ್ತಿದ್ದ. ಆಮೇಲೆ ಮರೆಯುತ್ತಿದ್ದ. ಕೇಳಿದವರು ಇನ್ನೊಂದು ಸಲ ಮಾಡಲಿಲ್ಲ. ಪೇಪರ್ ನೋಡಿ ಫೋನ್ ಮಾಡುವವನು ಚಹಾ ಅಂಗಡಿಯಲ್ಲಿ ಆ ಹೊತ್ತಿಗೆ ಹುರುಪಿನಿಂದ ಮಾಡಿರುತ್ತಾನೆ. ಆಗ ಉತ್ತರ ಸಿಗದಿದ್ದರೆ ಅವನು ಪೇಪರ್ ಮಡಚಿಟ್ಟು ಎದ್ದು ಹೋಗುತ್ತಾನೆ.

ಗುಜರಿಯವರು ಮಾತ್ರ ಮತ್ತೆ ಮತ್ತೆ ಮಾಡಿದರು. ಒಬ್ಬ ನೋಡದೆಯೇ ಎಲ್ಲ ಸೇರಿ 28,000 ಎಂದ. ಇನ್ನೊಬ್ಬ ತೂಕದ ಮೇಲೆ ಎಂದ. ಇದರಲ್ಲಿ ಆಶ್ಚರ್ಯ ಇಲ್ಲ. ಒಂದು ಯಂತ್ರದ ಬಗ್ಗೆ ಏನೂ ಹೇಳದೆ ಮಾರಾಟಕ್ಕಿದೆ ಅಂತ ಹಾಕಿದರೆ, ಓದಿದವನಿಗೆ ಅದು ಕೆಟ್ಟು ನಿಂತಿದೆ ಅನ್ನಿಸುವುದು ಸಹಜ. ಓಡುತ್ತಿದ್ದ ಗಿರಣಿ ಎಂಬ ಎರಡು ಪದ ಇದ್ದಿದ್ದರೆ ಗುಜರಿಯವರ ಕರೆ ಅರ್ಧ ಕಡಿಮೆ ಆಗುತ್ತಿತ್ತು.

ಇನ್ನೊಂದು ಕರೆ ಬೇರೆ ಜಾತಿಯದು. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ತಾನು ಮಿಲಿಟರಿಯಲ್ಲಿದ್ದೇನೆ, ಊರಲ್ಲಿ ಅಣ್ಣನಿಗೆ ಗಿರಣಿ ಇಟ್ಟುಕೊಡಬೇಕು ಎಂದ. ನೋಡುವುದು ಬೇಡ, ಬೆಲೆಯಲ್ಲಿ ಚೌಕಾಸಿಯೂ ಬೇಡ, ಈಗಲೇ 10,000 ಅಡ್ವಾನ್ಸ್ ಹಾಕ್ತೀನಿ ಎಂದ. ವಾಟ್ಸಾಪಿಗೆ ಸಮವಸ್ತ್ರದ ಫೋಟೊ ಇರುವ ಗುರುತಿನ ಚೀಟಿ ಬಂತು. ಹಿಂದೆಯೇ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬೀಳುತ್ತೆ ಎಂದ. ಮಗ ಸ್ಕ್ಯಾನ್ ಮಾಡಿದ. ಪರದೆಯ ಮೇಲೆ 10,000 ಪಾವತಿಸಿ ಎಂದು ಬಂದಾಗ ಬೆರಳು ನಿಲ್ಲಿಸಿದ. ಅಷ್ಟರಲ್ಲಿ ಎಚ್ಚೆತ್ತದ್ದು ಪುಣ್ಯ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಯಾಕೆಂದರೆ ಈ ಮೋಸ ಮೊಬೈಲ್ ಆ್ಯಪ್‌ಗಳ ಮಾರಾಟದಲ್ಲಿ ಮಾತ್ರ ನಡೆಯುತ್ತೆ ಅಂತ ನಮ್ಮ ಕಡೆ ಎಷ್ಟೋ ಜನ ನಂಬಿದ್ದಾರೆ. ಪತ್ರಿಕೆಗಳು ಈಗ ಇ-ಪೇಪರ್ ಆಗಿಯೂ ಬರುತ್ತವೆ. ಅದರಲ್ಲಿರುವ ನಂಬರು ಎಲ್ಲಿ ಕೂತವನ ಕೈಗೂ ಸಿಗುತ್ತದೆ. ಯುಪಿಐನಲ್ಲಿ ಪಿನ್ ಒತ್ತಬೇಕಾದದ್ದು ದುಡ್ಡು ಕೊಡುವಾಗ. ದುಡ್ಡು ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ನಿಮ್ಮ ನಂಬರು ಗೊತ್ತಿದ್ದರೆ ಸಾಕು. ಅಕಸ್ಮಾತ್ ಹೋಗಿಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡ ಆದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಕೈತಪ್ಪುತ್ತದೆ. ಇನ್ನು ವ್ಯವಹಾರದ ಕಡೆಯಿಂದ ನೋಡಿದರೂ ಸುಳಿವು ಇತ್ತು. ಹಳೇ ಗಿರಣಿಯನ್ನು ನೋಡದೆ, ಓಡಿಸದೆ, ಚೌಕಾಸಿ ಮಾಡದೆ ಕೊಳ್ಳುವ ಮನುಷ್ಯ ನಮ್ಮ ಸೀಮೆಯಲ್ಲಿ ಇಲ್ಲ.

ಮೊದಲ ಜಾಹೀರಾತಿನಿಂದ ಗಿರಣಿ ನೋಡಲು ಒಬ್ಬರೂ ಬರಲಿಲ್ಲ. ಆಗ ಆಷಾಢ ನಡೆಯುತ್ತಿತ್ತು ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ. ಮುಂದೆ ಇದರ ಮಾತು ಬರುತ್ತದೆ.

ಮಾರುವುದು ಏನನ್ನು?

ಜುಲೈ ಮೂರನೇ ವಾರ ಅಮ್ಮ ತಾವೇ ನನ್ನ ಹತ್ತಿರ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ಗಿರಣಿಯ ಹಳೇ ಬಿಲ್ಲುಗಳು, ಕರೆಂಟ್ ಬಿಲ್ಲು, ಮಳಿಗೆಯ ಕರಾರು ಪತ್ರ. "ಏನ್ ಹಾಕಿದ್ರೋ ಏನೋ, ಗುಜರಿಯೋರು ಬಿಟ್ರೆ ಯಾರೂ ಬರ್ಲಿಲ್ಲ ನೋಡಪ್ಪ" ಎಂದರು. ಅವತ್ತು ಕೂತು ಮಾತಾಡಿದಾಗ ಪ್ರಕರಣದ ನಿಜವಾದ ಗಂಟು ಗೊತ್ತಾಯಿತು. ಗಿರಣಿ ಅಂತ ನಾವು ಕರೆಯುವುದರಲ್ಲಿ ಬೇರೆ ಬೇರೆ ಸೊತ್ತುಗಳಿವೆ. ಅವೆಲ್ಲ ಒಂದೇ ಮನುಷ್ಯನಿಗೆ ಬೇಕಾಗಿರುವುದಿಲ್ಲ. ಕೆಲವಂತೂ ಮಾರಲು ಈ ಅಮ್ಮನಿಗೇ ಹಕ್ಕಿಲ್ಲ.

ಯಂತ್ರಗಳು ಎರಡು. ಒಂದು ಕಲ್ಲಿನ ಗಿರಣಿ, 10 ಎಚ್‌ಪಿ ಮೋಟಾರಿಗೆ ಬೆಲ್ಟು ಹಾಕಿದ್ದು. ಜೋಳ, ಗೋಧಿ, ರಾಗಿ, ಅಕ್ಕಿ ಬೀಸುವುದು ಅದರಲ್ಲಿ. ಇನ್ನೊಂದು ಖಾರದಪುಡಿ ಮಾಡುವ ಪಲ್ವರೈಸರ್, ಅದಕ್ಕೆ ಬೇರೆಯೇ 3 ಎಚ್‌ಪಿ ಮೋಟಾರು. ಮೆಣಸಿನಕಾಯಿ ಹಾಕಿದ ಯಂತ್ರಕ್ಕೆ ಮತ್ತೆ ಜೋಳ ಹಾಕಿದರೆ ಹಿಟ್ಟಿಗೆ ಘಾಟು ಹತ್ತುತ್ತದೆ, ಅದಕ್ಕೇ ಎರಡು.

ಮಳಿಗೆ ಅವರದಲ್ಲ. ಬಾಡಿಗೆ ಕರಾರು ಯಜಮಾನರ ಹೆಸರಿನಲ್ಲಿತ್ತು, ಅದರ ಅವಧಿಯೂ ಮುಗಿದಿತ್ತು. ಕೊಳ್ಳುವವನಿಗೆ ಅಲ್ಲೇ ಮುಂದುವರಿಸಬಹುದು ಅಂತ ಹೇಳಬೇಕಾದವರು ಮಳಿಗೆ ಮಾಲೀಕರು. ಕರೆಂಟಿನ ಆರ್.ಆರ್. ನಂಬರ್ ಕೂಡ ತೀರಿಕೊಂಡವರ ಹೆಸರಿನಲ್ಲೇ ಇತ್ತು. ಗಿರಣಿಗೆ ಬೇಕಾದ 3 ಫೇಸ್ ಸಂಪರ್ಕ ಹೊಸದಾಗಿ ತೆಗೆದುಕೊಳ್ಳುವುದು ಖರ್ಚಿನ ಕೆಲಸ, ಸಮಯವೂ ಹಿಡಿಯುತ್ತದೆ. ಹಾಗಾಗಿ ಇರುವ ಸಂಪರ್ಕಕ್ಕೆ ಬೆಲೆ ಇದೆ. ಆದರೆ ಹೆಸರು ಬದಲಾಗದೆ ಅದನ್ನು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ.

ಕೊನೆಯದು ಗಿರಾಕಿಗಳು. ಇದನ್ನು ಅಮ್ಮ ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಸೊತ್ತು ಅದೇ. ನಮ್ಮ ಕಡೆ ರೊಟ್ಟಿ ಊಟ ಜಾಸ್ತಿ. ಜೋಳದ ಹಿಟ್ಟು ಹಳೆಯದಾದರೆ ಜಿಗುಟು ಹೋಗುತ್ತದೆ, ರೊಟ್ಟಿ ತಟ್ಟುವಾಗ ಅಂಚು ಒಡೆಯುತ್ತದೆ. ಅದಕ್ಕೆ ಮನೆಯವರು ಸ್ವಲ್ಪ ಸ್ವಲ್ಪವೇ ಬೀಸಿಸಿಕೊಂಡು ಹೋಗುತ್ತಾರೆ. ಗೋಧಿ ಹಿಟ್ಟಿನ ಪ್ಯಾಕೆಟ್ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಆದರೂ ಜೋಳ ತುಂಬಿದ ಡಬ್ಬಿ ಹಿಡಿದು ಗಿರಣಿಗೆ ಬರುವವರು ಇನ್ನೂ ಇದ್ದಾರೆ. ಈ ಗಿರಾಕಿಗಳು ಷಟರ್ ತೆಗೆದಿರುವವರೆಗೆ ಮಾತ್ರ ಗಿರಾಕಿಗಳು. ಐದು ತಿಂಗಳಿನಿಂದ ಬಾಗಿಲು ಹಾಕಿದ್ದರಿಂದ ಅವರೆಲ್ಲ ರೈಲ್ವೆ ಗೇಟಿನ ಹತ್ತಿರದ ಗಿರಣಿಗೆ ಹೋಗತೊಡಗಿದ್ದರು. ಮಾರಲು ತಡವಾದಷ್ಟೂ ಮಾರುವ ವಸ್ತುವೇ ಕರಗುತ್ತಿತ್ತು.

ಇದರಿಂದ ಮುಂದಿನ ಹೆಜ್ಜೆ ತಾನಾಗಿ ತಿಳಿಯಿತು. ಮೊದಲು ಗಿರಣಿ ಓಡಬೇಕು. ಅಮ್ಮ ವರ್ಷಗಟ್ಟಲೆ ಗಲ್ಲಾ ಮೇಲೆ ಕೂತವರು, ತೂಕ ಮತ್ತು ಲೆಕ್ಕ ಚೆನ್ನಾಗಿ ಗೊತ್ತು. ಯಂತ್ರಕ್ಕೆ ಕೈ ಹಾಕಿದವರಲ್ಲ.

ಎರಡನೇ ಜಾಹೀರಾತು: ಕೆಲಸದವರು ಬೇಕು

ಜುಲೈ ಕೊನೆಯ ವಾರ ಹಾಕಿದ ಜಾಹೀರಾತು ಹೀಗಿತ್ತು:

"ಹಿಟ್ಟಿನ ಗಿರಣಿ ಓಡಿಸಲು ಅನುಭವಸ್ಥ ಆಪರೇಟರ್ ಬೇಕಾಗಿದ್ದಾರೆ. ಕಲ್ಲಿನ ಕೆಲಸ ಗೊತ್ತಿರಬೇಕು. ಕೆಜಿ ಲೆಕ್ಕದಲ್ಲಿ ಕೂಲಿ. ಬೆಳಿಗ್ಗೆ 8ರಿಂದ 1, ಸಂಜೆ 4ರಿಂದ 8. ಸಂತೆ ಮೈದಾನ ರಸ್ತೆ. ಯಾವುದೇ ಡಿಪಾಜಿಟ್ ಇಲ್ಲ."

ಇದರಲ್ಲಿ ಪ್ರತಿ ತುಣುಕಿಗೂ ಕಾರಣ ಇದೆ. ಅಮ್ಮ ಮೊದಲು ಹೇಳಿದ್ದು "ಒಬ್ಬ ಹುಡುಗ ಬೇಕು ಅಂತ ಹಾಕು" ಎಂದು. ಊರಲ್ಲಿ ಹಾಗೆ ಹೇಳುವುದು ರೂಢಿ. ಅಚ್ಚಿನಲ್ಲಿ ಬಂದರೆ ಹೈಸ್ಕೂಲ್ ಬಿಟ್ಟ ಮಕ್ಕಳೇ ಬಂದು ನಿಲ್ಲುತ್ತಾರೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವ ಹಾಗಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಿಂದ ಇದು ಇನ್ನೂ ಗಟ್ಟಿಯಾಗಿದೆ. ಬೆಲ್ಟು ತಿರುಗುವ ಕಡೆ ಮಕ್ಕಳನ್ನು ನಿಲ್ಲಿಸಲು ಮನಸ್ಸಾದರೂ ಹೇಗೆ ಬರುತ್ತದೆ? ಅಂಗಿಯ ತೋಳು ಸಿಕ್ಕಿದರೆ ಕೈಯೇ ಹೋಗುತ್ತದೆ. ಕಾನೂನು ಇರಲಿ ಬಿಡಲಿ, ಇಂಥ ಜಾಹೀರಾತನ್ನು ಹಾಗೇ ತೆಗೆದುಕೊಳ್ಳಬಾರದು.

ಡಿಪಾಜಿಟ್ ಇಲ್ಲ ಎಂದು ಸೇರಿಸಲು ಹೇಳಿದ್ದು ನಾನು. ಕೆಲಸದ ಜಾಹೀರಾತು ಓದುವವರು ಸಾಕಷ್ಟು ಸಲ ಏಟು ತಿಂದಿದ್ದಾರೆ. ಮನೆಯಲ್ಲೇ ಕೂತು ಪ್ಯಾಕಿಂಗ್ ಕೆಲಸ, ತಿಂಗಳಿಗೆ ಕೈತುಂಬ ಸಂಬಳ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವ ಜಾಹೀರಾತುಗಳು ಎಷ್ಟೋ ಮನೆಗಳ ದುಡ್ಡು ತಿಂದಿವೆ. ಜಮೀನಿನಲ್ಲಿ ಮೊಬೈಲ್ ಟವರ್ ಹಾಕಿಸಿ, ತಿಂಗಳಿಗೆ ಇಷ್ಟು ಬಾಡಿಗೆ ಅನ್ನುವುದೂ ಅದೇ ಸಾಲಿನದು. ಟವರ್ ಹಾಕಲು ತಾನು ಯಾರಿಗೂ ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಮತ್ತೆ ಮತ್ತೆ ಹೇಳಿದೆ. ಕೆಲಸ ಕೊಡುವವನು ಮೊದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ಜಾಹೀರಾತಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಓದುಗರು ತಾವೇ ವಿಚಾರಿಸಿ ವ್ಯವಹರಿಸಬೇಕು" ಎಂದು ಪತ್ರಿಕೆ ಹಾಕುತ್ತದೆ ನಿಜ. ಕೌಂಟರಿನಲ್ಲಿ ಕೂತವನು ಎರಡು ಪ್ರಶ್ನೆ ಕೇಳಿದರೆ ಅದಕ್ಕಿಂತ ಜಾಸ್ತಿ ಉಪಯೋಗ ಆಗುತ್ತದೆ ಎಂದು ನಾನು ನಂಬುತ್ತೇನೆ.

ಕೆಲವರು ಬಂದರು. ಹೆಚ್ಚಿನವರು ಮೊದಲು ಕೂಲಿ ಕೇಳಿದರು, ಅದರಲ್ಲಿ ತಪ್ಪಿಲ್ಲ. ಒಬ್ಬ ಬೇರೆ ಥರ. ಹೊನ್ನಾಳಿ ಕಡೆಯ ಹಳ್ಳಿಯವನು, ನಲವತ್ತರ ಆಸುಪಾಸು, ಹೆಂಡತಿಯ ಜೊತೆ ಬಂದಿದ್ದ. ಕಿಸೆಯಿಂದ ಕತ್ತರಿಸಿದ ಜಾಹೀರಾತಿನ ಚೂರು ತೆಗೆದು ತೋರಿಸಿದ. ಆಮೇಲೆ ಕೇಳಿದ ಮೊದಲ ಮಾತು, "ಕಲ್ಲು ಯಾವಾಗ ಕುಟ್ಟಿಸಿದ್ದು ಅಕ್ಕಾರೆ?"

ಸವೆದ ಕಲ್ಲಿನ ಗೆರೆಗಳನ್ನು ಉಳಿಯಿಂದ ಮತ್ತೆ ಮೂಡಿಸುವುದಕ್ಕೆ ಕಲ್ಲು ಕುಟ್ಟುವುದು ಅನ್ನುತ್ತಾರೆ. ಅಮ್ಮನಿಗೆ ಖುಷಿಯಾಯಿತು. ಯಜಮಾನರು ಬಿಟ್ಟರೆ ಆ ಪ್ರಶ್ನೆ ಯಾರೂ ಕೇಳಿದ್ದಿಲ್ಲ. ದೀಪಾವಳಿ ಮುಂದೆ ಅಂತ ಹೇಳಿದರು. ಅವನು ಸ್ವಲ್ಪ ಜೋಳ ಹಾಕಿ ಗಿರಣಿ ಚಾಲೂ ಮಾಡಿದ. ಮೂತಿಯ ಕೆಳಗೆ ಅಂಗೈ ಹಿಡಿದು ಹಿಟ್ಟನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಹಿಟ್ಟು ಬಿಸಿ ಬರುತ್ತಿತ್ತು, ತರಿಯೂ ಇತ್ತು. ಮೋಟಾರು ನಿಲ್ಲಿಸಿ, ಬೋಲ್ಟು ಬಿಚ್ಚಿ, ಕಲ್ಲಿನ ಮುಖ ಹೊರಗೆ ಮಾಡಿ, ಗೆರೆಗಳ ಮೇಲೆ ಉಗುರು ಆಡಿಸಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಸವೆದಿದೆ. ಬೀಸೋದ್ಕಿಂತ ಜಾಸ್ತಿ ಉಜ್ತಾ ಇದೆ. ಅದಕ್ಕೆ ಹಿಟ್ಟು ಕಾಯುತ್ತೆ, ಕರೆಂಟೂ ಜಾಸ್ತಿ ಎಳೆಯುತ್ತೆ" ಎಂದ. ಮರುದಿನ ಉಳಿ ಸುತ್ತಿಗೆ ತಂದು ತಾನೇ ಕುಟ್ಟಿದ. ಕುಟ್ಟಿದ ಮೇಲೆ ಒಂದಿಷ್ಟು ಜೋಳ ಹಾಕಿ ಓಡಿಸಿ ಆ ಹಿಟ್ಟನ್ನು ಬಿಸಾಡಿದ. ಕಲ್ಲಿನ ಪುಡಿ ಗಿರಾಕಿಯ ರೊಟ್ಟಿಗೆ ಹೋಗಬಾರದಲ್ವಾ.

ಜಾಹೀರಾತಿನಲ್ಲಿ "ಕಲ್ಲಿನ ಕೆಲಸ ಗೊತ್ತಿರಬೇಕು" ಎಂಬ ಮೂರು ಪದ ಇಂಥವನನ್ನು ಕರೆತಂದವು. ತಾನು ಕಲಿತ ಕೆಲಸದ ಹೆಸರನ್ನು ಪೇಪರಿನಲ್ಲಿ ಕಂಡು ಬಂದೆ ಎಂದು ಆಮೇಲೆ ಅವನೇ ನನಗೆ ಹೇಳಿದ. ಕೂಲಿ ಮಾತಾಡಿದ್ದು ಹೀಗೆ: ಗಿರಾಕಿಯಿಂದ ಕೆಜಿಗೆ 6 ರೂಪಾಯಿ, ಅದರಲ್ಲಿ 2 ರೂಪಾಯಿ ಅವನಿಗೆ. ಬೆಲ್ಟಿಗೆ ಜಾಲರಿ ಹೊದಿಸಿ ಕೊಡಬೇಕು ಎಂಬುದು ಅವನು ಹಾಕಿದ ಒಂದೇ ಷರತ್ತು. ಅದನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದರು. ಆಗಸ್ಟ್ ಮೊದಲ ವಾರ ಷಟರ್ ಎದ್ದಿತು.

ಮೂರನೇ ಜಾಹೀರಾತು

ಗಿರಣಿ ಓಡುತ್ತಿರುವಾಗಲೇ ಕಾಗದ ಪತ್ರದ ಕೆಲಸ ಹಿಡಿದರು. ಮಗ ರಜೆ ಹಾಕಿ ಬಂದು ಕರೆಂಟಿನ ಹೆಸರು ಬದಲಾವಣೆಗೆ ಬೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಟ್ಟ. ಮರಣ ಪ್ರಮಾಣಪತ್ರ, ಮಗ ಮತ್ತು ಮಗಳ ಒಪ್ಪಿಗೆಯ ಅಫಿಡವಿಟ್ಟು, ಮಳಿಗೆ ಮಾಲೀಕರ ಪತ್ರ, ಬಾಕಿ ಇಲ್ಲದ ಬಿಲ್ಲು ಇಷ್ಟನ್ನೂ ಜೋಡಿಸಿದರು. ಮಳಿಗೆ ಮಾಲೀಕರು ಬಾಡಿಗೆ 500 ಏರಿಸಿ ಮುಂದುವರಿಸಲು ಒಪ್ಪಿದರು. ಇವೆಲ್ಲ ಜಾಹೀರಾತಿಗಿಂತ ಮೊದಲೇ ಆಗಬೇಕಾದ ಕೆಲಸ. ಬಂದವನು ಕಾಗದ ತೋರಿಸಿ ಎಂದಾಗ ಮಾಡಿಸ್ತಾ ಇದ್ದೀವಿ ಅಂದರೆ ಬೆಲೆ ಅಲ್ಲೇ ಇಳಿಯುತ್ತದೆ.

ಮೂರನೇ ಜಾಹೀರಾತನ್ನು ಅಮ್ಮ, ಮಗ ಇಬ್ಬರನ್ನೂ ಕೂರಿಸಿಕೊಂಡು ಬರೆದೆವು. ನಾಗರ ಪಂಚಮಿ ಕಳೆದ ಮೇಲೆ, ಸಂತೆಯ ಹಿಂದಿನ ದಿನ ಹಾಕಿಸಿದೆವು:

"ಓಡುತ್ತಿರುವ ಹಿಟ್ಟಿನ ಗಿರಣಿ ಮಾರಾಟಕ್ಕಿದೆ. ಕಲ್ಲಿನ ಗಿರಣಿ 10 ಎಚ್‌ಪಿ 3 ಫೇಸ್, ಖಾರದಪುಡಿ ಪಲ್ವರೈಸರ್ 3 ಎಚ್‌ಪಿ ಸಿಂಗಲ್ ಫೇಸ್. ಒಟ್ಟಿಗೆ ಅಥವಾ ಬೇರೆ ಬೇರೆ. ಕಲ್ಲು ಈಗ ಕುಟ್ಟಿದೆ. ಬಾಡಿಗೆ ಮಳಿಗೆ, ಕರೆಂಟ್ ಸಹಿತ ಅಲ್ಲೇ ಮುಂದುವರಿಸಬಹುದು. ಎರಡೂ ಸೇರಿ 1,10,000, ಎದುರಿಗೆ ಮಾತಾಡೋಣ. ನಾಳೆ ಸಂತೆ ದಿನ ಬೆಳಿಗ್ಗೆಯಿಂದ ಬಂದು ಓಡಿಸಿ ನೋಡಿ. ದಲ್ಲಾಳಿಗಳು ಬೇಡ."

ನಂಬರು ಅಮ್ಮನದು ಹಾಕಿದೆವು. ಅವರ ಹತ್ತಿರ ಇದ್ದದ್ದು ಬಟನ್ ಫೋನು, ಅದರಲ್ಲಿ ಕ್ಯೂಆರ್ ಕೋಡ್ ಬರುವುದೇ ಇಲ್ಲ. ಮೇಲಾಗಿ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದವರು ಅವರು. ಜಾಹೀರಾತಿನ ಕೆಳಗೆ ಯಾರ ನಂಬರು ಇರಬೇಕು ಎಂಬುದನ್ನು ಜನ ಯೋಚಿಸುವುದೇ ಇಲ್ಲ. ಮನೆಯಲ್ಲಿ ಹೆಚ್ಚು ಓದಿದವರ ನಂಬರು ಹಾಕಿಬಿಡುತ್ತಾರೆ. ವಸ್ತುವಿನ ಪಕ್ಕದಲ್ಲಿ ಇರುವವರ ನಂಬರು ಹಾಕಬೇಕು.

ಬೆಲೆ ಹಾಕುವ ಬಗ್ಗೆ ಮಗನಿಗೆ ಒಪ್ಪಿಗೆ ಇರಲಿಲ್ಲ. ಮೊದಲೇ ಬೆಲೆ ಹೇಳಿದರೆ ಅಲ್ಲಿಂದ ಕೆಳಗೇ ಇಳಿಯಬೇಕಾಗುತ್ತದೆ ಎಂಬುದು ಅವನ ವಾದ. ವಾದ ಸರಿಯೇ, ಆದರೆ ಹಳೇ ಯಂತ್ರದ ವಿಷಯದಲ್ಲಿ ನನ್ನ ಅನುಭವ ಬೇರೆ. ಬೆಲೆ ಇಲ್ಲದಿದ್ದರೆ 30,000ದವನೂ ಬರುತ್ತಾನೆ, ಬರೀ ಕುತೂಹಲದವನೂ ಬರುತ್ತಾನೆ. ಇಬ್ಬರೂ ಅಮ್ಮನ ಹೊತ್ತು ತಿನ್ನುತ್ತಾರೆ. ಬೆಲೆ ನೋಡಿ ಬರುವವನು ಆ ಆಸುಪಾಸಿನ ದುಡ್ಡು ಇಟ್ಟುಕೊಂಡೇ ಬಂದಿರುತ್ತಾನೆ.

ಇದರ ಖರ್ಚು ಮೊದಲನೆಯದರ ಎರಡು ಪಟ್ಟಿಗೂ ಜಾಸ್ತಿ ಆಯಿತು. ಕರೆಗಳು ಮಾತ್ರ ಕಡಿಮೆ ಬಂದವು. ಅಮ್ಮ ಗಾಬರಿಯಾಗಿ ನನಗೆ ಫೋನ್ ಮಾಡಿ, "ಈ ಸಲ ಯಾರೂ ಕೇಳ್ತಾನೇ ಇಲ್ಲವಲ್ಲಪ್ಪ" ಎಂದರು. ಮರುದಿನ ಸಂತೆಗೆ ಬಂದವರು ನೇರವಾಗಿ ಗಿರಣಿಗೆ ಬಂದರು. ಆಗ ಒಳಗೆ ಗಿರಾಕಿಗಳ ಡಬ್ಬಿಗಳು ಸಾಲಾಗಿ ಇದ್ದವು, ಬೆಲ್ಟು ತಿರುಗುತ್ತಿತ್ತು. ಯಂತ್ರದ ಬಗ್ಗೆ ಬೇರೆ ಮಾತೇ ಬೇಕಾಗಲಿಲ್ಲ.

ನೋಡಿದವರಲ್ಲಿ ಜಗಳೂರು ಕಡೆಯ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳೂ ಇದ್ದರು. ಸಾರಿನ ಪುಡಿ, ಖಾರದಪುಡಿ, ಚಟ್ನಿಪುಡಿ ಮಾಡಿ ಮಾರುವ ಗುಂಪು. ಅವರಿಗೆ ಕಲ್ಲಿನ ಗಿರಣಿ ಬೇಡ, ಪಲ್ವರೈಸರ್ ಮಾತ್ರ ಬೇಕು. ಅವರ ಕೆಲಸದ ಕೋಣೆಗೆ ಸಿಂಗಲ್ ಫೇಸ್ ಕರೆಂಟು ಮಾತ್ರ ಇತ್ತು. ಮುಂದಾಳು ಹೆಂಗಸು ಜಾಹೀರಾತಿನಲ್ಲಿ ಆ ಎರಡು ಪದಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದುಕೊಂಡು ಬಂದಿದ್ದರು. ಹೊಸ ಯಂತ್ರಕ್ಕೆ ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ 35% ಸಹಾಯಧನದ ಸಾಲ ಸಿಗುತ್ತದೆ, ಅದನ್ನು ವಿಚಾರಿಸಿದ್ದೀರಾ ಎಂದು ಕೇಳಿದೆ. ಗೊತ್ತಿದೆ ಎಂದರು. ಸಾಲ, ಕೊಟೇಶನ್ನು, ಓಡಾಟ ಎಲ್ಲ ಮುಗಿಯುವಷ್ಟರಲ್ಲಿ ಹಬ್ಬದ ವ್ಯಾಪಾರ ಕೈತಪ್ಪುತ್ತದೆ. ಸಂಘದ ಉಳಿತಾಯದಲ್ಲಿ ದುಡ್ಡಿದೆ, ಗಣೇಶನ ಹಬ್ಬದ ಒಳಗೆ ಯಂತ್ರ ಬೇಕು. ಅವರ ಲೆಕ್ಕ ಸ್ಪಷ್ಟವಾಗಿತ್ತು.

ತಾವೇ ತಂದಿದ್ದ ಬ್ಯಾಡಗಿ ಮೆಣಸಿನಕಾಯಿ ಹಾಕಿಸಿ, ಪುಡಿಯನ್ನು ಬೆಳಕಿಗೆ ಹಿಡಿದು ನೋಡಿ, ಜರಡಿ ಬದಲಿಸಿ ಇನ್ನೊಂದು ಸಲ ಓಡಿಸಿದರು. ಅಮ್ಮ 38,000 ಹೇಳಿದರು. ಅವರು 30,000 ಎಂದರು. 34,000ಕ್ಕೆ ನಿಂತಿತು. ಕೊನೆಯಲ್ಲಿ ಅಮ್ಮ ತಾವಾಗಿ ಹಳೇ ಜರಡಿಗಳನ್ನೂ ಸೇರಿಸಿಕೊಟ್ಟರು. 5,000 ಮುಂಗಡ, ಉಳಿದದ್ದು ಯಂತ್ರ ಗಾಡಿಗೆ ಏರಿಸುವ ಮುಂಚೆ. ಒಂದು ಹಾಳೆಯಲ್ಲಿ ಯಂತ್ರದ ವಿವರ, ಮೋಟಾರಿನ ನಂಬರು, ಓಡಿಸಿ ನೋಡಿ ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇವೆ ಎಂಬ ಮಾತು, ಎರಡೂ ಕಡೆಯ ಸಹಿ, ಇಬ್ಬರು ಸಾಕ್ಷಿಗಳು. ಇಷ್ಟು ಬರೆದುಕೊಳ್ಳಲು ಐದು ನಿಮಿಷ ಸಾಕು. ಊರಲ್ಲಿ ನಂಬಿಕೆಯ ಮೇಲೆ ನಡೆಯುತ್ತೆ ಅಂತ ಬಿಟ್ಟುಬಿಡುತ್ತಾರೆ. ಆರು ತಿಂಗಳಾದ ಮೇಲೆ ಮೋಟಾರು ಸುಟ್ಟರೆ ಆ ನಂಬಿಕೆಯೇ ಜಗಳಕ್ಕೆ ಬೀಳುತ್ತದೆ.

ಕಲ್ಲಿನ ಗಿರಣಿ ನೋಡಿದವರು 60,000 ದಾಟಲಿಲ್ಲ. ಅಮ್ಮನ ಮನಸ್ಸಿನಲ್ಲಿ 75,000 ಇತ್ತು. ಇಲ್ಲಿ ವ್ಯವಹಾರ ನಿಂತುಹೋಯಿತು. ಅಷ್ಟರಲ್ಲಿ ಹೊನ್ನಾಳಿ ಕಡೆಯ ಆಪರೇಟರ್ ಒಂದು ಮಾತು ಎತ್ತಿದ. ಕೊಂಡುಕೊಳ್ಳುವಷ್ಟು ದುಡ್ಡು ಅವನ ಹತ್ತಿರ ಇಲ್ಲ. ತಿಂಗಳ ಬಾಡಿಗೆಗೆ ಯಂತ್ರ ಕೊಡಿ, ಮಳಿಗೆ ಬಾಡಿಗೆ ಮತ್ತು ಕರೆಂಟು ನಾನೇ ಕಟ್ಟಿಕೊಳ್ತೀನಿ ಎಂದ. ಮಗ ಬೇಡ ಅಂದ, ಮಾರಿ ಕೈತೊಳೆದುಕೊಳ್ಳುವುದು ಅವನ ಇಷ್ಟ. ಅಮ್ಮ ಒಪ್ಪಿದರು. ತಿಂಗಳಿಗೆ 3,000 ರೂಪಾಯಿ ಬಂದರೆ ತಮ್ಮ ಔಷಧಿ, ಸಣ್ಣಪುಟ್ಟ ಖರ್ಚಿಗೆ ಆಗುತ್ತದೆ, ಮಗನನ್ನು ಕೇಳಬೇಕಾಗಿಲ್ಲ ಎಂಬುದು ಅವರ ಲೆಕ್ಕ. ನನಗೆ ಅಮ್ಮನ ತೀರ್ಮಾನವೇ ಸರಿ ಕಂಡಿತು. 60,000ಕ್ಕೆ ಮಾರಿದ್ದರೆ ಇಪ್ಪತ್ತು ತಿಂಗಳ ಬಾಡಿಗೆಯಷ್ಟು ದುಡ್ಡು ಬರುತ್ತಿತ್ತು, ಆಮೇಲೆ ಯಂತ್ರವೂ ಇರುತ್ತಿರಲಿಲ್ಲ.

ಮಳಿಗೆಯ ಕರಾರನ್ನು ಮಾಲೀಕರು ನೇರವಾಗಿ ಆಪರೇಟರಿಗೇ 11 ತಿಂಗಳಿಗೆ ಮಾಡಿಕೊಟ್ಟರು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ 11 ತಿಂಗಳ ರೂಢಿ ಬಂದಿರುವುದು. ಯಂತ್ರದ ಬಾಡಿಗೆಗೆ ಬೇರೆ ಪತ್ರ ಆಯಿತು. ಕಲ್ಲು ಕುಟ್ಟುವುದು, ಬೆಲ್ಟು, ಬೇರಿಂಗು ಅವನ ಖರ್ಚು. ಮೋಟಾರು ಸುಟ್ಟರೆ ಇಬ್ಬರದೂ ಅರ್ಧರ್ಧ. ಮುಂದೆ ಮಾರುವುದಾದರೆ ಮೊದಲು ಅವನನ್ನೇ ಕೇಳಬೇಕು. ಪುರಸಭೆಯ ಟ್ರೇಡ್ ಲೈಸೆನ್ಸ್ ಮತ್ತು ಆಹಾರ ಸುರಕ್ಷತೆಯ ನೋಂದಣಿ ಅವನ ಹೆಸರಿಗೆ ಆಗಬೇಕು ಎಂಬುದನ್ನೂ ಬರೆಸಿದೆವು.

ಪದಗಳಿಂದಲೋ, ಶ್ರಾವಣದಿಂದಲೋ?

ಈ ಪ್ರಕರಣವನ್ನು ನಾನು ಹೇಳಿದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊದಲನೆಯದು ಆಷಾಢದಲ್ಲಿ ಬಂತು. ನಮ್ಮಲ್ಲಿ ಆಷಾಢದಲ್ಲಿ ಅಂಗಡಿ ಹಾಕುವವರು, ಯಂತ್ರ ಕೊಳ್ಳುವವರು ಕಡಿಮೆ. ಮೂರನೆಯದು ಶ್ರಾವಣದಲ್ಲಿ, ಹಬ್ಬಗಳ ಮುಂದೆ, ಸಂತೆಗೆ ಹೊಂದಿಸಿ ಬಂತು. ಗಿರಣಿ ಬೇರೆ ಓಡುತ್ತಿತ್ತು. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಗೆಲುವನ್ನು ಪದಗಳಿಗೆ ಮಾತ್ರ ಕಟ್ಟಲಾಗದು.

ಆದರೆ ಎರಡನೇ ಜಾಹೀರಾತು ಬಂದದ್ದೂ ಆಷಾಢದಲ್ಲೇ. ಅದು ಸರಿಯಾದ ಮನುಷ್ಯನನ್ನೇ ಕರೆತಂದಿತು. ಸ್ತ್ರೀಶಕ್ತಿ ಸಂಘದವರು ಸಿಂಗಲ್ ಫೇಸ್ ಅನ್ನುವುದನ್ನು ಓದಿಯೇ ಬಸ್ ಹತ್ತಿದ್ದು. ಅವರ ಹಳ್ಳಿಗೆ ಅದೇ ಪತ್ರಿಕೆ ಮೊದಲ ಜಾಹೀರಾತಿನ ದಿನವೂ ಹೋಗಿತ್ತು. ಅವತ್ತು ನೋಡಿದ ನೆನಪು ಮುಂದಾಳಿಗೆ ಇತ್ತು. ಗಿರಣಿ ನಮಗ್ಯಾಕೆ ಅಂತ ಬಿಟ್ಟೆವು ಎಂದರು. ಅದರೊಳಗೆ ಪಲ್ವರೈಸರ್ ಇದೆ ಅಂತ ಯಾರು ಹೇಳಿದ್ದರು? ಮಾಸ ಜನರನ್ನು ಹೊರಡಿಸಿರಬಹುದು, ಆದರೆ ಯಾರು ಹೊರಡಬೇಕು ಎಂದು ಹೇಳಿದ್ದು ಆ ವಿವರಗಳೇ.

ಸಣ್ಣ ಊರಿನ ಪತ್ರಿಕೆಯ ಬಲವೂ ಈ ಪ್ರಕರಣದಲ್ಲಿ ಕಾಣುತ್ತದೆ. ಮೈಸೂರಿನ ಆಂದೋಲನ, ಮಡಿಕೇರಿಯ ಶಕ್ತಿ, ದಾವಣಗೆರೆಯ ಜನತಾವಾಣಿಯಂಥ ಪತ್ರಿಕೆಗಳನ್ನು ಓದುವವರು ಹೆಚ್ಚಾಗಿ ಆಯಾ ಜಿಲ್ಲೆಯವರು. ಜಾಹೀರಾತು ನೋಡಿದವನು ಬಸ್ಸಿನಲ್ಲಿ ಬಂದು ಸಂಜೆಗೆ ವಾಪಸ್ ಹೋಗಬಲ್ಲ. ಕೊಂಡವರು ಯಾರು, ಮಾರಿದವರು ಯಾರು ಎಂದು ಹುಡುಕಿದರೆ ನಡುವೆ ಒಬ್ಬ ಪರಿಚಯದವರು ಸಿಕ್ಕೇ ಸಿಗುತ್ತಾರೆ. ಆಪರೇಟರ್ ಹಿಂದೆ ಕೆಲಸ ಮಾಡಿದ್ದ ಗಿರಣಿಯವರು ಅಮ್ಮನ ತವರು ಕಡೆಯವರಿಗೆ ಗೊತ್ತಿದ್ದರು. ಒಂದು ಫೋನಿನಲ್ಲಿ ಅವನ ನಡತೆ ತಿಳಿಯಿತು. ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಹಾಕಬಹುದು, ದುಡ್ಡೂ ಬೇಡ, ಅದು ದೊಡ್ಡ ಅನುಕೂಲ. ಮಗ ಅಲ್ಲಿಯೂ ಹಾಕಿದ್ದ. ಅಲ್ಲಿಂದ ಬಂದ ವಿಚಾರಣೆಗಳು ಪುಣೆ, ಹೈದರಾಬಾದಿನಿಂದ. ಸಾಗಣೆಯ ಖರ್ಚು ಕೇಳಿ ಅವರೆಲ್ಲ ಸುಮ್ಮನಾದರು.

ಬಗೆಹರಿಯದೆ ಉಳಿದದ್ದೂ ಇದೆ. ಮಗ ಅಂದುಕೊಂಡ 1,10,000 ಕೈಗೆ ಬರಲಿಲ್ಲ. ಬಂದದ್ದು 34,000 ಮತ್ತು ತಿಂಗಳ ಬಾಡಿಗೆ. ರೈಲ್ವೆ ಗೇಟಿನ ಗಿರಣಿಗೆ ಹೋದ ಗಿರಾಕಿಗಳಲ್ಲಿ ಎಲ್ಲರೂ ತಿರುಗಿ ಬಂದಿಲ್ಲ. ಫೆಬ್ರುವರಿಯಲ್ಲೇ ಒಬ್ಬ ಆಪರೇಟರ್ ಸಿಕ್ಕಿದ್ದರೆ ಲೆಕ್ಕ ಬೇರೆಯೇ ಇರುತ್ತಿತ್ತು ಎಂದು ಅಮ್ಮ ಈಗಲೂ ಹೇಳುತ್ತಾರೆ. ದುಃಖದ ಮನೆಯಲ್ಲಿ ಆ ಯೋಚನೆ ಯಾರಿಗೂ ಬರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಆಪರೇಟರ್ ತಾನೇ ನನ್ನ ಕೌಂಟರಿಗೆ ಬಂದ. ಕೈ ನೋವು, ಕಲ್ಲು ಕುಟ್ಟಲು ಆಗುತ್ತಿಲ್ಲ, ಕುಟ್ಟುವವರು ಬೇಕು ಎಂದ. ಸುತ್ತಲ ಊರುಗಳಲ್ಲಿ ಆ ಕೆಲಸದವರು ಬೆರಳೆಣಿಕೆಯಷ್ಟೂ ಉಳಿದಿಲ್ಲ. ಜಾಹೀರಾತಿನಲ್ಲಿ ಏನೇನು ಬರೆಯಬೇಕು ಎಂದು ನಾನು ಕೇಳುವ ಮೊದಲೇ ಅವನು ಹೇಳುತ್ತಾ ಹೋದ: ಕಲ್ಲಿನ ಅಳತೆ, ಒಂದು ಸಲ ಕುಟ್ಟಲು ಎಷ್ಟು ಕೊಡುತ್ತೇನೆ, ಉಳಿ ಸುತ್ತಿಗೆ ಯಾರದು, ಬಸ್ ಚಾರ್ಜ್ ಬೇರೆ, ಮಧ್ಯಾಹ್ನದ ಊಟ ಮನೆಯಲ್ಲಿ.